ದಾನಿಗಳು ಕೊಟ್ಟ 500 ಸಸಿ ನೆಟ್ಟರೆ 500 ಮರ ಆಗುತ್ತವೆಯೇ? ಗಿಡ ನೆಡುವ ಕರೆಗೆ ಹೋಗುವ ಮುನ್ನ ಇದನ್ನು ಓದಿ

ಮಳೆಗಾಲ ಶುರುವಾದರೆ ಸಾಕು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಬಗೆಯ ಸಂದೇಶಗಳು ಬರತೊಡಗುತ್ತವೆ: "ಭಾನುವಾರ ಕೆರೆ ದಂಡೆಯಲ್ಲಿ 500 ಗಿಡ ನೆಡುತ್ತಿದ್ದೇವೆ. ಗಿಡಗಳನ್ನು ದಾನಿಗಳು ಕೊಟ್ಟಿದ್ದಾರೆ. ನೀವು ಬಂದರೆ ಸಾಕು." ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ತಿಂದ ಮಾವು, ನೇರಳೆಯ ಬೀಜವನ್ನು ಒಣಗಿಸಿಟ್ಟುಕೊಂಡು ಪ್ರಯಾಣ ಮಾಡುವಾಗ ರಸ್ತೆ ಬದಿಗೆ ಎಸೆಯಿರಿ ಎನ್ನುವುದು ಒಂದು. ಅರಳಿ ಮರ ನೂರಕ್ಕೆ ನೂರು ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ಅದನ್ನೇ ನೆಡಿ ಎನ್ನುವುದು ಮತ್ತೊಂದು.

ಇವುಗಳನ್ನು ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಒಳ್ಳೆಯ ಉದ್ದೇಶದಿಂದ ನೆಟ್ಟ ಸಸಿಯೂ ಮಾರ್ಚ್ ತಿಂಗಳ ಬಿಸಿಲಿಗೆ ಒಣಗುತ್ತದೆ. ಹಾಗಾದರೆ ಇಂಥ ಕರೆ ಬಂದಾಗ ಹೋಗಬೇಕೇ, ಬೇಡವೇ? ಯಾವ ಗಿಡ, ಯಾವ ಜಾಗ, ನೀರು ಹಾಕುವವರು ಯಾರು? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಹೋಗಿ. ಆದರೆ ಹೋಗುವ ಮುನ್ನ "ಎಷ್ಟು ಗಿಡ?" ಎಂದು ಕೇಳುವ ಬದಲು "ಎಷ್ಟು ಬೇಸಿಗೆ ನೀರು ಹಾಕುತ್ತೀರಿ?" ಎಂದು ಕೇಳಿ.
- ಸ್ಥಳೀಯ ಗಿಡ ಎಂದರೆ ಭಾರತದ ಗಿಡ ಎಂದಷ್ಟೇ ಅಲ್ಲ, ಆ ಮಣ್ಣು, ಆ ಮಳೆಗೆ ಹೊಂದಿದ ಗಿಡ.
- ಮರವಿಲ್ಲದ ಜಾಗವೆಲ್ಲ ಖಾಲಿ ಜಾಗವಲ್ಲ. ಹುಲ್ಲುಗಾವಲಿನಲ್ಲಿ ಮರ ನೆಡುವುದು ಲಾಭಕ್ಕಿಂತ ನಷ್ಟ.
- ನೀರು, ಬೇಲಿ, ಕಾವಲು ಇಲ್ಲದ 500 ಸಸಿಗಿಂತ ಇವೆಲ್ಲ ಇರುವ 50 ಸಸಿ ಮೇಲು.

ತಿಮ್ಮಕ್ಕನ ಕತೆಯಲ್ಲಿ ನಾವು ಫಾರ್ವರ್ಡ್ ಮಾಡದ ಭಾಗ

ಸಾಲುಮರದ ತಿಮ್ಮಕ್ಕ ಎಂದರೆ ಕನ್ನಡಿಗರಿಗೆಲ್ಲ ನೆನಪಾಗುವುದು 385 ಎಂಬ ಸಂಖ್ಯೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗೆ ರಸ್ತೆ ಬದಿಯಲ್ಲಿ ಅವರೂ ಪತಿ ಚಿಕ್ಕಯ್ಯನವರೂ ಬೆಳೆಸಿದ ಆಲದ ಮರಗಳು ಅಷ್ಟು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಹಂಚಿಕೊಂಡಿದ್ದು ಇದೇ ಸಂಖ್ಯೆಯನ್ನು.

ಈ ದಂಪತಿ ಒಂದೇ ದಿನ 385 ಸಸಿ ನೆಡಲಿಲ್ಲ. ಮೊದಲ ವರ್ಷ ಹತ್ತು, ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು, ಹೀಗೆ ತಮ್ಮ ಕೈಯಲ್ಲಿ ಸಾಕಲು ಆಗುವಷ್ಟನ್ನೇ ನೆಡುತ್ತಾ ಹೋದರು. ನೆಟ್ಟಿದ್ದು ಮಳೆಗಾಲದಲ್ಲಿ. ನಂತರ ಕೊಡಗಳಲ್ಲಿ ನೀರು ಹೊತ್ತುಕೊಂಡು ಮೈಲುಗಟ್ಟಲೆ ನಡೆದು ಹೋಗಿ ಹಾಕಿದರು. ದನಕರು ಬಾಯಿ ಹಾಕದಂತೆ ಸಸಿಯ ಸುತ್ತ ಮುಳ್ಳು ಕಟ್ಟಿದರು.

ಗಿಡವನ್ನು ಮರ ಮಾಡುವ ವಿಧಾನವೆಲ್ಲ ಇಲ್ಲೇ ಇದೆ: ಊರಿಗೆ ಹೊಂದುವ ಮರ, ಮಳೆಯ ಹೊತ್ತು, ಬೇಸಿಗೆಯ ನೀರು, ಮುಳ್ಳುಬೇಲಿ, ಮತ್ತು ಸಾಕಲು ಆಗುವಷ್ಟೇ ಸಂಖ್ಯೆ. 385 ಎನ್ನುವುದು ಇವೆಲ್ಲದರ ಕೊನೆಗೆ ಬಂದ ಮೊತ್ತ. ಇಂದಿನ ಬಹಳಷ್ಟು ಅಭಿಯಾನಗಳು ಮೊತ್ತವನ್ನು ಮೊದಲೇ ಬ್ಯಾನರ್ ಮೇಲೆ ಬರೆದುಬಿಡುತ್ತವೆ.

ಎಣಿಸಬೇಕಾದದ್ದು ಯಾವಾಗ?

2016ರ ಜುಲೈ 11ರಂದು ಉತ್ತರ ಪ್ರದೇಶದಲ್ಲಿ 24 ಗಂಟೆಗಳಲ್ಲಿ ಸುಮಾರು 5 ಕೋಟಿ ಸಸಿ ನೆಟ್ಟದ್ದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಜುಲೈ 2ರಂದು ಮಧ್ಯಪ್ರದೇಶ 12 ಗಂಟೆಗಳಲ್ಲಿ 6 ಕೋಟಿಗೂ ಹೆಚ್ಚು ಸಸಿ ನೆಟ್ಟಿದ್ದಾಗಿ ಹೇಳಿತು. ಇಂಥ ದಾಖಲೆಗಳಲ್ಲಿ ಲೆಕ್ಕ ಹಿಡಿಯುವುದು ನೆಟ್ಟ ದಿನ. ಆದರೆ ಸಸಿಗೆ ಅದು ಪರೀಕ್ಷೆಯ ದಿನವೇ ಅಲ್ಲ. ಮಳೆ ಬಿದ್ದ ಮಣ್ಣಿನಲ್ಲಿ ಮೊದಲ ಕೆಲವು ವಾರ ಹೆಚ್ಚಿನ ಸಸಿಗಳೂ ಹಸಿರಾಗೇ ಇರುತ್ತವೆ. ನಿಜವಾದ ಪರೀಕ್ಷೆ ಫೆಬ್ರವರಿಯಿಂದ ಮೇ ವರೆಗೆ.

ಬೇರೆ ರೀತಿಯಲ್ಲೂ ಲೆಕ್ಕ ಹಿಡಿಯಬಹುದು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರು ರಿಯಾಯಿತಿ ದರದಲ್ಲಿ ಸಸಿ ಕೊಂಡು ತಮ್ಮ ಜಮೀನಿನಲ್ಲಿ ನೆಡುತ್ತಾರೆ. ಪ್ರೋತ್ಸಾಹಧನ ಸಿಗುವುದು ಬದುಕಿ ಉಳಿದ ಸಸಿಗೆ ಮಾತ್ರ: ಮೊದಲ ವರ್ಷದ ಕೊನೆಗೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಈ ಯೋಜನೆ ಇರುವುದು ಖಾಸಗಿ ಜಮೀನಿಗೆ. ಆದರೆ ಇದರ ಹಿಂದಿನ ಯೋಚನೆಯನ್ನು ಕೆರೆ ದಂಡೆಗೂ, ಶಾಲೆಯ ಅಂಗಳಕ್ಕೂ ತರಬಹುದು. ಮೂರು ವರ್ಷ ದಾಟಿದ ಮೇಲೆಯೇ ಅದನ್ನು ಮರ ಎಂದು ಎಣಿಸಿ.

'ಸ್ಥಳೀಯ ಗಿಡ' ಎಂದರೆ ಯಾವುದು?

ಹೆಸರು ನೋಡಿ ಮೋಸ ಹೋಗಬೇಡಿ. ಬಳ್ಳಾರಿ ಜಾಲಿ ಬಳ್ಳಾರಿಯದ್ದಲ್ಲ, ಅಮೆರಿಕ ಖಂಡಗಳಿಂದ ಬಂದದ್ದು. ಬೇಸಿಗೆಯಲ್ಲಿ ಕೆಂಪಾಗಿ ಅರಳುವ ಗುಲ್‌ಮೊಹರ್ ಮಡಗಾಸ್ಕರ್‌ನದು. ರಸ್ತೆಗೆ ಕೊಡೆ ಹಿಡಿಯುವ ಮಳೆಮರವೂ ಬೆಂಗಳೂರಿನ ಹೆಮ್ಮೆಯಾದ ಜಕರಂಡ, ಟಬೂಬಿಯಾಗಳೂ ಅಮೆರಿಕ ಖಂಡಗಳಿಂದ ಬಂದವು. ನೀಲಗಿರಿ, ಸಿಲ್ವರ್ ಓಕ್ ಆಸ್ಟ್ರೇಲಿಯಾದವು. ನಮ್ಮ ಸಾರಿನ ಹುಣಸೆಯ ಮೂಲ ಕೂಡ ಆಫ್ರಿಕಾ, ಆದರೆ ಅದು ಇಲ್ಲಿಗೆ ಬಂದು ಶತಮಾನಗಳೇ ಕಳೆದಿವೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ನೆರಳು ಕೊಡುವ ಮಳೆಮರವನ್ನು ಯಾರೂ ಕಡಿಯಬೇಕಿಲ್ಲ. ಆದರೆ ಹೊಸದಾಗಿ ನೆಡುವಾಗ ಸ್ಥಳೀಯ ಮರಗಳನ್ನು ಆರಿಸಲು ಬಲವಾದ ಕಾರಣವಿದೆ. ಇಲ್ಲಿನ ಹಕ್ಕಿ, ಚಿಟ್ಟೆ, ಜೇನು, ಬಾವಲಿಗಳು ಸಾವಿರಾರು ವರ್ಷಗಳಿಂದ ಬದುಕಿರುವುದು ಈ ಮರಗಳ ಜೊತೆ. ಆಲ, ಅತ್ತಿ, ಬಸರಿ ಹಣ್ಣು ಬಿಟ್ಟಾಗ ಅವುಗಳ ಮೇಲೆ ಎಷ್ಟು ಬಗೆಯ ಹಕ್ಕಿಗಳು ಸೇರುತ್ತವೆ ಎಂದು ಒಂದು ಬೆಳಿಗ್ಗೆ ನಿಂತು ನೋಡಿದರೆ ತಿಳಿಯುತ್ತದೆ.

ಇನ್ನೊಂದು ಮಾತು. ಕರ್ನಾಟಕ ಒಂದೇ ರಾಜ್ಯವಾದರೂ ಮಳೆ ಒಂದೇ ಅಲ್ಲ. ಆಗುಂಬೆಗೆ ಸ್ಥಳೀಯವಾದದ್ದು ರಾಯಚೂರಿಗೆ ಪರದೇಶಿಯೇ. ಅಂದಾಜಿಗೆ ಹೀಗೆ ನೆನಪಿಡಬಹುದು:

- ಬಯಲುಸೀಮೆಯ ಒಣ ಜಾಗಕ್ಕೆ: ಬೇವು, ಹೊಂಗೆ, ಆಲ, ಅರಳಿ, ಮುತ್ತುಗ, ಕಮರ, ತಪಸಿ.
- ಕೆರೆ, ಹಳ್ಳದ ಅಂಚಿಗೆ: ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ.
- ಮಲೆನಾಡಿಗೆ: ಮತ್ತಿ, ಹೊನ್ನೆ, ನಂದಿ, ತಾರೆ, ಅಂಟುವಾಳ, ಹಲಸು.
- ಕರಾವಳಿಗೆ: ಸುರಹೊನ್ನೆ, ರೆಂಜೆ, ಪುನರ್ಪುಳಿ, ಹೊಂಗೆ, ಹಲಸು.

ಈ ಪಟ್ಟಿಗಿಂತ ಒಳ್ಳೆಯ ಪಟ್ಟಿ ನಿಮ್ಮ ಊರಲ್ಲೇ ಸಿಗುತ್ತದೆ. ಹತ್ತಿರದ ದೇವರಕಾಡು, ಹಳೆಯ ಗುಂಡುತೋಪು, ಮೇಯಲು ದನ ಬಿಡದ ಯಾವುದಾದರೂ ಗುಡ್ಡದ ಬದಿಗೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಯಾರೂ ನೀರು ಹಾಕದೆ ಅಲ್ಲಿ ಯಾವ ಮರಗಳು ನಿಂತಿವೆಯೋ ಅವೇ ನಿಮ್ಮ ಗಿಡಗಳು.

ಖಾಲಿ ಕಂಡ ಜಾಗವೆಲ್ಲ ಖಾಲಿಯಲ್ಲ

ಸಾರ್ವಜನಿಕ ಜಾಗ ಎಂದರೆ ಯಾರದ್ದೂ ಅಲ್ಲದ ಜಾಗವಲ್ಲ. ಅದು ಗ್ರಾಮ ಪಂಚಾಯಿತಿ, ಕಂದಾಯ ಇಲಾಖೆ, ಲೋಕೋಪಯೋಗಿ ಇಲಾಖೆ, ನಗರಸಭೆ ಅಥವಾ ಅರಣ್ಯ ಇಲಾಖೆ, ಹೀಗೆ ಯಾರದ್ದಾದರೂ ಸುಪರ್ದಿಯಲ್ಲಿ ಇರುತ್ತದೆ. ಮೊದಲು ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ನೀವೇ ನೆಟ್ಟ ಗಿಡವಾದರೂ ಅದು ನಿಮ್ಮ ಸ್ವತ್ತಾಗುವುದಿಲ್ಲ. ಬೆಳೆದ ಮೇಲೆ ಕಡಿಯಬೇಕೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಒಪ್ಪಿಗೆ ಕೇಳುವಾಗಲೇ "ಇಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಇದೆಯೇ, ಪೈಪ್‌ಲೈನ್ ಬರುತ್ತದೆಯೇ?" ಎಂದೂ ಕೇಳಿ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಗಾಗಿ ತಿಮ್ಮಕ್ಕನ ಆಲದ ಸಾಲಿಗೇ ಕೊಡಲಿ ಬೀಳುವ ಭೀತಿ ಎದುರಾಗಿತ್ತು. ಅವರು ಮುಖ್ಯಮಂತ್ರಿಗೆ ಮನವಿ ಮಾಡಿದ ಮೇಲೆ ಸರ್ಕಾರ ಬೇರೆ ದಾರಿ ಹುಡುಕಲು ಮುಂದಾಯಿತು. ಎಲ್ಲ ಮರಗಳಿಗೂ ಹೀಗೆ ಕೇಳುವವರು ಇರುವುದಿಲ್ಲ.

ಮುಖ್ಯವಾಗಿ ಈ ಮೂರು ಕಡೆ ಎಚ್ಚರ ಬೇಕು.

ಹುಲ್ಲುಗಾವಲು: ಬಯಲುಸೀಮೆಯ ಗೋಮಾಳ, ಕುರುಚಲು ಗುಡ್ಡ, ಪಶ್ಚಿಮ ಘಟ್ಟದ ಬೋಳು ನೆತ್ತಿಗಳು "ಹಾಳು ಬಿದ್ದ ಜಾಗ" ಎಂದು ಕಾಣುತ್ತವೆ. ನಿಜದಲ್ಲಿ ಅವು ಹುಲ್ಲಿನ ಲೋಕ. ತೋಳ, ನರಿ, ಕೃಷ್ಣಮೃಗ ಮತ್ತು ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ಬೇಕಾದದ್ದು ಬಯಲೇ. ಕುರಿ ಕಾಯುವವರ ಬದುಕು ನಡೆಯುವುದೂ ಅಲ್ಲೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಣೆಯಾದ ಈ ಅಭಯಾರಣ್ಯದೊಳಗೆ ನೀಲಗಿರಿ ತೋಪುಗಳು ದೊಡ್ಡದಾಗಿ ಹರಡಿವೆ. ದೂರದವರೆಗೆ ಕಣ್ಣು ಹಾಯಿಸಿ, ಅಪಾಯ ಕಂಡರೆ ಓಡಿ ಪಾರಾಗುವ ಪ್ರಾಣಿಗೆ ಒತ್ತಾದ ತೋಪು ಅನುಕೂಲವಲ್ಲ. ಇಂಥ ಕಡೆ ನೀಲಗಿರಿಯ ಬದಲು ಹೊಂಗೆ ನೆಟ್ಟರೂ ತಪ್ಪು ತಪ್ಪೇ.

ಕೆರೆ ಏರಿ: ಕೆರೆ ಅಭಿವೃದ್ಧಿ ಎಂದ ಕೂಡಲೇ ಏರಿಯ ಮೇಲೆ ಸಾಲಾಗಿ ಗಿಡ ನೆಡುವುದುಂಟು. ಮಣ್ಣಿನ ಏರಿಯಲ್ಲಿ ದೊಡ್ಡ ಮರದ ಬೇರು ಇಳಿದರೆ, ಮುಂದೆ ಆ ಬೇರು ಸತ್ತು ಕೊಳೆತಾಗ ಉಳಿಯುವ ಟೊಳ್ಳಿನಲ್ಲಿ ನೀರು ಜಿನುಗಲು ದಾರಿಯಾಗುತ್ತದೆ. ಗಾಳಿಗೆ ಮರ ಬುಡಮೇಲಾದರೆ ಏರಿಯ ಮಣ್ಣೂ ಅದರ ಜೊತೆ ಕಿತ್ತು ಬರುತ್ತದೆ. ಏರಿಯನ್ನು ಹುಲ್ಲಿಗೆ ಬಿಡಿ. ಮರಗಳನ್ನು ಏರಿಯಿಂದ ದೂರ, ಕೆರೆಗೆ ನೀರು ಬರುವ ಕಡೆಯ ಅಂಚಿನಲ್ಲಿ ನೆಡಿ.

ತಂತಿ ಮತ್ತು ಗೋಡೆ: ವಿದ್ಯುತ್ ತಂತಿಯ ಕೆಳಗೆ ಎತ್ತರದ ಮರ ಬೆಳೆಸಿದರೆ ಅದರ ನೆತ್ತಿಯನ್ನು ವರ್ಷವರ್ಷವೂ ಕಡಿಯುತ್ತಾರೆ. ಆಲ, ಅರಳಿಗಳ ಬೇರು ಚರಂಡಿ, ಕಾಂಪೌಂಡು ಗೋಡೆಗಳನ್ನು ಸೀಳುತ್ತದೆ. ಇವುಗಳಿಗೆ ಸುತ್ತ ಕನಿಷ್ಠ 10 ಮೀಟರ್ ಬಿಡುವು ಇರಲಿ.

ದಾನದ ಸಸಿಯನ್ನು ಪರೀಕ್ಷಿಸಿ ತೆಗೆದುಕೊಳ್ಳಿ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ಗಾದೆ ನಗುತ್ತದೆ. ಸಸಿಯ ವಿಷಯದಲ್ಲಿ ಮಾತ್ರ ದಾನಿಯ ಮುಂದೆಯೇ ಮೊಳ ಹಾಕಬೇಕು. ಕೆಟ್ಟ ಸಸಿಗೂ ಅಷ್ಟೇ ಗುಂಡಿ, ಅಷ್ಟೇ ನೀರು, ಅಷ್ಟೇ ದುಡಿಮೆ ಬೇಕಾಗುತ್ತದೆ.

- ಜಾತಿ: "ಮಿಶ್ರ ಗಿಡಗಳು" ಎಂದು ಲಾರಿಯಲ್ಲಿ ತಂದು ಇಳಿಸಿದರೆ ಸಾಲದು. ಯಾವ ಜಾತಿ ಎಷ್ಟು ಎಂಬ ಪಟ್ಟಿ ಮೊದಲೇ ಬೇಕು. ನಿಮ್ಮ ಜಾಗಕ್ಕೆ ಹೊಂದದ್ದನ್ನು ವಿನಯದಿಂದ ವಾಪಸು ಕಳಿಸಿ.
- ಬೇರು: ಒಂದೆರಡು ಸಸಿಗಳ ಪಾಲಿಥಿನ್ ಚೀಲ ಹರಿದು ನೋಡಿ. ಬೇರುಗಳು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿದ್ದರೆ ಆ ಸಸಿ ಚೀಲದಲ್ಲಿ ಹೆಚ್ಚು ಕಾಲ ಇದ್ದಿದೆ. ಅದನ್ನು ನೆಟ್ಟರೆ ಕೆಲವು ವರ್ಷ ಬೆಳೆದು ಗಾಳಿಗೆ ಉರುಳುವ ಸಾಧ್ಯತೆ ಇರುತ್ತದೆ.
- ಕಾಂಡ: ಎತ್ತರವೇ ಗುಣವಲ್ಲ. ಆರಡಿ ಎತ್ತರದ ಬಡಕಲು ಸಸಿಗಿಂತ ಮೂರಡಿಯ ದಪ್ಪ ಕಾಂಡದ ಸಸಿ ಬದುಕುವ ಸಂಭವ ಹೆಚ್ಚು. ಆದರೆ ದನಗಳು ಓಡಾಡುವ ರಸ್ತೆ ಬದಿಗೆ ಎತ್ತರವೂ ಗಟ್ಟಿತನವೂ ಇರುವ ಸಸಿ ಬೇಕು.
- ಬಿಸಿಲು: ನೆರಳುಪರದೆಯ ಕೆಳಗಿನಿಂದ ನೇರ ತಂದ ಸಸಿ ಬಯಲಿನ ಬಿಸಿಲಿಗೆ ಬಾಡುತ್ತದೆ. ಕೆಲವು ವಾರ ಬಿಸಿಲಿಗೆ ಒಗ್ಗಿಸಿದ ಸಸಿಯನ್ನೇ ಕೇಳಿ.

ನೆಡುವ ದಿನ ಯಾವುದು, ನೆಡುವುದು ಹೇಗೆ?

ಜೂನ್ 5 ವಿಶ್ವ ಪರಿಸರ ದಿನ. ಬಹುತೇಕ ಫೋಟೊಗಳು ಬರುವುದು ಅಂದೇ. ಆದರೆ ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನವೇ ಜೂನ್ 1. ನಮ್ಮ ಒಳನಾಡಿನಲ್ಲಿ ಅದು ನೆಲೆ ನಿಲ್ಲಲು ಇನ್ನಷ್ಟು ದಿನ ಬೇಕು. 1950ರಲ್ಲಿ ಕೆ.ಎಂ. ಮುನ್ಷಿ ಅವರು ಆರಂಭಿಸಿದ ವನಮಹೋತ್ಸವವನ್ನು ಜುಲೈ ಮೊದಲ ವಾರದಲ್ಲಿ ಆಚರಿಸುವುದು ಮಳೆಗೆ ಹೆಚ್ಚು ಹೊಂದುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೆಚ್ಚು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಅಲ್ಲಿ ಆಗಸ್ಟ್‌ವರೆಗೆ ಕಾದರೂ ತಡವೇನಲ್ಲ. ಕ್ಯಾಲೆಂಡರ್ ನೋಡುವ ಬದಲು ನೆಲ ನೋಡಿ. ಎರಡು ಮೂರು ಹದ ಮಳೆಯಾಗಿ ಒಂದಡಿ ಆಳದವರೆಗೆ ತೇವ ಇಳಿದಿದ್ದರೆ ಅದೇ ನೆಡುವ ದಿನ.

1. ಸುಮಾರು ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಯನ್ನು ಮಳೆಗೆ ಮೊದಲೇ ತೋಡಿಡಿ. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ಹಾಕಿ.
2. ಪಾಲಿಥಿನ್ ಚೀಲವನ್ನು ಪೂರ್ತಿ ತೆಗೆಯಿರಿ. ಚೀಲದ ಸಮೇತ ಹೂಳಿದ ಸಸಿ ಅದರೊಳಗೇ ಉಸಿರುಗಟ್ಟುತ್ತದೆ. ಬೇರಿನ ಸುತ್ತಲ ಮಣ್ಣಿನ ಹೆಂಟೆ ಒಡೆಯದಿರಲಿ.
3. ಚೀಲದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ನೆಲದಲ್ಲೂ ಅಲ್ಲಿಯವರೆಗೇ ಇರಲಿ. ಕಾಂಡವನ್ನು ಹೂಳಬೇಡಿ.
4. ಕೊಟ್ಟಿಗೆ ಗೊಬ್ಬರ ಬೆರೆಸಿದ ಮೇಲ್ಮಣ್ಣು ತುಂಬಿ, ಕಾಲಿನಿಂದ ಹದವಾಗಿ ಒತ್ತಿ. ಸುತ್ತ ನೀರು ನಿಲ್ಲುವಂತೆ ಪಾತಿ ಮಾಡಿ.
5. ಪಾತಿಯ ಮೇಲೆ ಒಣ ಎಲೆ, ಹುಲ್ಲು ಹರಡಿ. ತೇವ ಆರುವುದಿಲ್ಲ. ಎಲೆ ಕಾಂಡಕ್ಕೆ ತಾಗದಿರಲಿ.
6. ಆಸರೆ ಕೋಲಿಗೆ ಸಡಿಲವಾಗಿ ಕಟ್ಟಿ. ಬಿಗಿದ ಪ್ಲಾಸ್ಟಿಕ್ ದಾರ ಮುಂದೆ ಕಾಂಡವನ್ನೇ ಕುಯ್ಯುತ್ತದೆ.
7. ಅಂದೇ ಬೇಲಿ ಹಾಕಿ. "ನಾಳೆ ಹಾಕೋಣ" ಎಂದರೆ ಇಂದು ರಾತ್ರಿಯೇ ಆಡು ಬರುತ್ತದೆ.

ಯಾರೂ ಬ್ಯಾನರ್ ಮೇಲೆ ಬರೆಯದ ಲೆಕ್ಕ: ನೀರು

500 ಸಸಿಗಳಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ತಲಾ 10 ಲೀಟರ್ ನೀರು ಎಂದಿಟ್ಟುಕೊಳ್ಳಿ. ವಾರಕ್ಕೆ 5,000 ಲೀಟರ್, ಅಂದರೆ ಒಂದು ಟ್ಯಾಂಕರ್. ಫೆಬ್ರವರಿಯಿಂದ ಮೇ ವರೆಗೆ ಸುಮಾರು 16 ವಾರ, 16 ಟ್ಯಾಂಕರ್. ಮೂರು ಬೇಸಿಗೆಗೆ 48 ಟ್ಯಾಂಕರ್. ಇದರ ಮೇಲೆ ನೀರು ಹಾಕುವವರ ಕೂಲಿ, ಸತ್ತ ಸಸಿಗೆ ಬದಲಿ, ಬೇಲಿ ರಿಪೇರಿ, ಬೇಸಿಗೆಗೆ ಮೊದಲು ಸುತ್ತಲ ಒಣಹುಲ್ಲು ಸವರಿ ಬೆಂಕಿ ತಗುಲದಂತೆ ನೋಡಿಕೊಳ್ಳುವ ಕೆಲಸ.

ನಿಮ್ಮ ಊರಿನ ಟ್ಯಾಂಕರ್ ದರದಿಂದ 48ನ್ನು ಗುಣಿಸಿ ನೋಡಿ. ದಾನವಾಗಿ ಬಂದ ಸಸಿ ಉಚಿತವೇ, ಆದರೆ ಮರ ಉಚಿತವಲ್ಲ. ಆದ್ದರಿಂದ ದಾನ ಕೊಡಲು ಮುಂದೆ ಬಂದವರಿಗೆ ಹೀಗೆ ಹೇಳಿ: "500 ಸಸಿ ಬೇಡ, 100 ಕೊಡಿ. ಉಳಿದ ಹಣದಲ್ಲಿ ಮೂರು ಬೇಸಿಗೆ ನೀರು ಕೊಡಿಸಿ." ಹುಟ್ಟುಹಬ್ಬಕ್ಕೆ, ಹಿರಿಯರ ನೆನಪಿಗೆ ಗಿಡ ಕೊಡುವವರಿಗೂ ಇದೇ ಮಾತು. ಅಪ್ಪನ ಹೆಸರಿನ ಫಲಕದ ಹಿಂದೆ ಒಣಗಿದ ಕಡ್ಡಿ ನಿಂತಿರುವುದನ್ನು ಯಾವ ಮಕ್ಕಳೂ ನೋಡಲು ಬಯಸುವುದಿಲ್ಲ.

ಓಡಾಡುತ್ತಿರುವ ಮೂರು ಹೇಳಿಕೆಗಳು

ಹೇಳಿಕೆ: ಹಣ್ಣಿನ ಬೀಜಗಳನ್ನು ತೊಳೆದು ಒಣಗಿಸಿ, ಕಾರಿನಿಂದ ಎಸೆದರೆ ಕಾಡು ಬೆಳೆಯುತ್ತದೆ.
ವಾಸ್ತವ: ಬಹುಮಟ್ಟಿಗೆ ತಪ್ಪು. ಮಾವು, ಹಲಸು, ನೇರಳೆಯ ಬೀಜಗಳು ಒಣಗಿದರೆ ಮೊಳಕೆಯೊಡೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಅಂದರೆ ಸಂದೇಶ ಹೇಳುವ "ಒಣಗಿಸಿ" ಎಂಬ ಹಂತದಲ್ಲೇ ಅವು ಸಾಯುತ್ತವೆ. ಮೊಳೆತರೂ ಹೆದ್ದಾರಿ ಬದಿಯಲ್ಲಿ ಮೇಯುವ ದನ, ಬೆಂಕಿ, ರಸ್ತೆ ಅಗಲೀಕರಣ ದಾಟಬೇಕು. ತಿಂದ ಹಣ್ಣಿನ ಬೀಜವನ್ನು ಹಸಿಯಾಗಿರುವಾಗಲೇ ಹಾಲಿನ ಖಾಲಿ ಪ್ಯಾಕೆಟ್‌ಗೆ ಮಣ್ಣು ತುಂಬಿ ಊರಿ. ಮುಂದಿನ ಮಳೆಗಾಲಕ್ಕೆ ನೀವೇ ಒಬ್ಬ ದಾನಿ.

ಹೇಳಿಕೆ: ಅರಳಿ ಶೇ 100, ಆಲ ಶೇ 80, ಬೇವು ಶೇ 75ರಷ್ಟು ಇಂಗಾಲದ ಡೈಆಕ್ಸೈಡ್ ಹೀರುತ್ತವೆ, ಅರಳಿ ರಾತ್ರಿಯೂ ಆಮ್ಲಜನಕ ಕೊಡುತ್ತದೆ.
ವಾಸ್ತವ: ತಪ್ಪು. ಯಾವುದರ ಶೇ 100 ಎಂದು ಸಂದೇಶ ಹೇಳುವುದೇ ಇಲ್ಲ. ಮರ ಎಷ್ಟು ಇಂಗಾಲ ಹಿಡಿಯುತ್ತದೆ ಎನ್ನುವುದು ಅದರ ಗಾತ್ರ, ವಯಸ್ಸು, ಬೆಳವಣಿಗೆಯ ವೇಗದ ಮೇಲೆ ನಿಂತಿದೆ. ಆಮ್ಲಜನಕ ಹೊರಬರಲು ಬೆಳಕು ಬೇಕೇ ಬೇಕು. ರಾತ್ರಿ ಅರಳಿಯೂ ನಮ್ಮಂತೆ ಉಸಿರಾಡಿ ಆಮ್ಲಜನಕ ಬಳಸುತ್ತದೆ. ಅರಳಿ ನೆಡಲು ಅದರ ನೆರಳು, ಹಣ್ಣು, ದೀರ್ಘಾಯುಷ್ಯವೇ ಸಾಕಷ್ಟು ಕಾರಣ. ಸುಳ್ಳು ಲೆಕ್ಕದ ಅಗತ್ಯವಿಲ್ಲ.

ಹೇಳಿಕೆ: ಮಿಯಾವಾಕಿ ವಿಧಾನದಲ್ಲಿ ಎಲ್ಲಿ ಬೇಕಾದರೂ ಬೇಗ ಕಾಡು ಬೆಳೆಸಬಹುದು.
ವಾಸ್ತವ: ಅರ್ಧ ಸತ್ಯ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ಈ ವಿಧಾನದಲ್ಲಿ ಚದರ ಮೀಟರಿಗೆ ಮೂರು ನಾಲ್ಕು ಸಸಿಗಳನ್ನು ಒತ್ತಾಗಿ ನೆಡುತ್ತಾರೆ. ನಗರದ ಸಣ್ಣ ಜಾಗಕ್ಕೆ, ನೀರು ಮತ್ತು ಹಣ ಇರುವಲ್ಲಿ ಇದು ಹೊಂದಬಹುದು. ಒಣ ಬಯಲಿಗೆ, ಸಹಜವಾಗಿ ಮರಗಳು ವಿರಳವಾಗಿರುವ ಸೀಮೆಗೆ ಹೊಂದದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಗಿಡ ನೆಡುವ ಕರೆ ಬಂದಾಗ ಗುಂಪಿನಲ್ಲಿ ಈ ಐದು ಪ್ರಶ್ನೆ ಕೇಳಿ. ಜಗಳಕ್ಕಲ್ಲ, ಜೊತೆಗೂಡಲು.

1. ಜಾಗ ಯಾರ ಸುಪರ್ದಿಯಲ್ಲಿದೆ? ಒಪ್ಪಿಗೆ ಪತ್ರ ಇದೆಯೇ?
2. ಯಾವ ಜಾತಿ, ಎಷ್ಟೆಷ್ಟು? ಆ ಜಾಗಕ್ಕೆ ಅವು ಹೊಂದುತ್ತವೆಯೇ?
3. ಬೇಲಿ ಅಂದೇ ಆಗುತ್ತದೆಯೇ?
4. ಬೇಸಿಗೆಯ ನೀರಿನ ಹೊಣೆ ಯಾರದು, ಎಷ್ಟು ವರ್ಷ?
5. ಮುಂದಿನ ಮೇ ತಿಂಗಳಲ್ಲಿ ಬದುಕಿದ ಸಸಿ ಎಣಿಸುವವರು ಯಾರು?

ಐದಕ್ಕೂ ಉತ್ತರ ಸಿಕ್ಕರೆ ಗುದ್ದಲಿ ಹಿಡಿದು ಹೋಗಿ. ನಾಲ್ಕನೆಯದಕ್ಕೆ ಉತ್ತರ ಇಲ್ಲದಿದ್ದರೆ "ಆ ಕೆಲಸಕ್ಕೆ ನಾನು ಬರುತ್ತೇನೆ" ಎಂದು ಹೆಸರು ಕೊಡಿ. ನೆಡುವ ದಿನ ಬರುವವರು ಬಹಳ ಮಂದಿ ಇರುತ್ತಾರೆ. ಏಪ್ರಿಲ್‌ನ ಬಿಸಿಲಿನಲ್ಲಿ ಕೊಡ ಹಿಡಿದು ಬರುವ ನಾಲ್ಕು ಜನ ಸಿಕ್ಕರೆ ಆ ಕೆರೆ ದಂಡೆಗೆ ನೆರಳು ಬಂದಂತೆಯೇ.